ಅರೆನೆರಳಿನ ಕೋಶಗಳು: ವ್ಯಾಯಾಮಕ್ಕೂ ಪಾರ್ಶ್ವವಾಯುವಿನ ಹಾನಿಗೂ ಏನು ಸಂಬಂಧ?

ಪಾರ್ಶ್ವವಾಯು ಬಡಿದವರನ್ನು ಆಸ್ಪತ್ರೆಗೆ ಹೊತ್ತು ತಂದಾಗ ವೈದ್ಯರು ಮೊದಮೊದಲಿಗೇ ಕೇಳುವ ಪ್ರಶ್ನೆ ಮನೆಯವರಿಗೆ ವಿಚಿತ್ರವೆನಿಸುವುದುಂಟು: 'ಇವರು ಸರಿಯಾಗಿದ್ದುದನ್ನು ಕೊನೆಯ ಬಾರಿ ನೋಡಿದ್ದು ಎಷ್ಟು ಗಂಟೆಗೆ?' ಬಾಯಿ ವಾಲಿದೆ, ಬಲಗೈ ಸೋತು ಜೋತುಬಿದ್ದಿದೆ, ಮಾತು ತೊದಲುತ್ತಿದೆ. ಆ ಗಾಬರಿಯಲ್ಲಿ ಗಡಿಯಾರ ನೋಡಿಟ್ಟುಕೊಂಡವರು ಯಾರು? ಆದರೆ ಚಿಕಿತ್ಸೆಯ ದಾರಿ ತೀರ್ಮಾನವಾಗುವುದು ಬಹುಪಾಲು ಆ ಉತ್ತರದ ಮೇಲೆಯೇ. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಹೊತ್ತು ಮೀರಿದರೆ ಲಾಭಕ್ಕಿಂತ ರಕ್ತಸ್ರಾವದ ಅಪಾಯವೇ ಹೆಚ್ಚು.

ಈ ಆತುರಕ್ಕೆ ಅಂಕಿ ಕೊಟ್ಟವರು ಅಮೆರಿಕದ ನರವೈದ್ಯ ಜೆಫ್ರಿ ಸೇವರ್. ಮೆದುಳಿನ ದೊಡ್ಡ ರಕ್ತನಾಳವೊಂದು ಮುಚ್ಚಿಕೊಂಡು ಚಿಕಿತ್ಸೆಯೂ ಸಿಗದಿದ್ದರೆ ನಿಮಿಷಕ್ಕೆ ಸರಾಸರಿ 19 ಲಕ್ಷ ನರಕೋಶಗಳು ಸಾಯುತ್ತವೆ ಎಂದು 2006ರಲ್ಲಿ ಅವರು ಲೆಕ್ಕ ಹಾಕಿದರು. ಅದೇ ಒಂದು ನಿಮಿಷದಲ್ಲಿ ಸುಮಾರು 12 ಕಿಲೋಮೀಟರ್ ಉದ್ದದ ನರತಂತುಗಳೂ ಹೋಗುತ್ತವೆ. ಈ ಸಾಲನ್ನು ಓದಿ ಮುಗಿಸುವಷ್ಟರಲ್ಲಿ ಎಷ್ಟು ಹೋದವು ಎಂದು ಲೆಕ್ಕ ಹಾಕುವ ಮನಸ್ಸಾಗುತ್ತದೆ, ಹಾಕದಿರುವುದೇ ಲೇಸು.

ಆ ವಾಕ್ಯದಲ್ಲಿ 'ಸರಾಸರಿ' ಎಂಬ ಪದ ಮೆಲ್ಲನೆ ನುಸುಳಿಕೊಂಡಿದೆ. ಒಂದೇ ರಕ್ತನಾಳ, ಒಂದೇ ಜಾಗ, ಹೆಚ್ಚುಕಡಿಮೆ ಒಂದೇ ಗಾತ್ರದ ಹೆಪ್ಪು. ಆದರೂ ಒಬ್ಬರು ವಾರದೊಳಗೆ ನಡೆದುಕೊಂಡು ಮನೆಗೆ ಹೋಗುತ್ತಾರೆ, ಇನ್ನೊಬ್ಬರು ತಿಂಗಳುಗಟ್ಟಲೆ ಹಾಸಿಗೆ ಬಿಟ್ಟು ಏಳುವುದಿಲ್ಲ. ವಯಸ್ಸು, ರಕ್ತದ ಸಕ್ಕರೆ, ಆಸ್ಪತ್ರೆ ತಲುಪಲು ಹಿಡಿದ ಹೊತ್ತು, ಬರಿಯ ಅದೃಷ್ಟ, ಎಲ್ಲದಕ್ಕೂ ಇದರಲ್ಲಿ ಪಾಲಿದೆ. ಮೂರು ದಶಕಗಳಿಂದ ಸಂಶೋಧಕರು ಈ ಪಟ್ಟಿಗೆ ಸೇರಿಸಲು ನೋಡುತ್ತಿರುವ ಮತ್ತೊಂದು ಅಂಶವೆಂದರೆ ಆ ದಿನಕ್ಕೆ ಮುಂಚಿನ ತಿಂಗಳುಗಳಲ್ಲಿ, ವರ್ಷಗಳಲ್ಲಿ ಆ ದೇಹ ಎಷ್ಟು ಓಡಾಡಿಕೊಂಡಿತ್ತು ಎಂಬುದು. ವ್ಯಾಯಾಮ ಮಾಡಿದರೆ ಪಾರ್ಶ್ವವಾಯು ಬರುವ ಸಂಭವ ಕಡಿಮೆ ಎಂಬುದು ಎಲ್ಲರೂ ಕೇಳಿರುವ ಮಾತು. ಬಂದೇಬಿಟ್ಟರೂ ಹಾನಿ ಕಡಿಮೆಯಾಗಬಹುದು ಎಂಬುದು ಅಷ್ಟಾಗಿ ಕೇಳಿಲ್ಲದ ಮಾತು. ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಈ ಎರಡನೆಯದೇ.

ಮೊದಲು ಮೆದುಳಿನೊಳಗೆ ಏನಾಗುತ್ತದೆ ನೋಡೋಣ. ದೇಹದ ತೂಕದಲ್ಲಿ ಮೆದುಳಿನ ಪಾಲು ಸುಮಾರು ಶೇ. 2, ದೇಹ ಬಳಸುವ ಆಮ್ಲಜನಕದಲ್ಲಿ ಅದರ ಪಾಲು ಶೇ. 20ರಷ್ಟು. ಇಷ್ಟು ಖರ್ಚಿನ ಮನೆಯಲ್ಲಿ ಕೂಡಿಟ್ಟದ್ದು ಏನೂ ಇಲ್ಲವೆಂದೇ ಹೇಳಬೇಕು. ಸ್ನಾಯುಗಳಂತೆ ಶಕ್ತಿಯ ದಾಸ್ತಾನು ಮೆದುಳಿಗಿಲ್ಲ, ಕ್ಷಣಕ್ಷಣಕ್ಕೂ ರಕ್ತ ಹರಿದುಬರಲೇಬೇಕು. ಆರೋಗ್ಯವಂತರಲ್ಲಿ ಪ್ರತಿ 100 ಗ್ರಾಂ ಮೆದುಳಿಗೆ ನಿಮಿಷಕ್ಕೆ ಸುಮಾರು 50 ಮಿಲಿಲೀಟರ್ ರಕ್ತ ಬರುತ್ತದೆ. ಅದು 20ರ ಆಸುಪಾಸಿಗೆ ಇಳಿದರೆ ನರಕೋಶ ಕೆಲಸ ನಿಲ್ಲಿಸುತ್ತದೆ. 10ಕ್ಕೂ ಕೆಳಗಿಳಿದರೆ ಕೋಶದ ಹೊರಪೊರೆಯೇ ಕೈಕೊಡುತ್ತದೆ, ಕೋಶ ಬೇಗನೆ ಸಾಯುತ್ತದೆ.

20ಕ್ಕೂ 10ಕ್ಕೂ ನಡುವೆ ಉಳಿದ ಆ ಇಕ್ಕಟ್ಟಿನ ಪ್ರದೇಶವೇ ಈ ಕಥೆಯ ನಾಯಕ. ಅಲ್ಲಿನ ಕೋಶ ಮೂಕವಾಗಿದೆ, ಸತ್ತಿಲ್ಲ. ಕೈ ಎತ್ತು ಎಂಬ ಆಜ್ಞೆ ಅಲ್ಲಿಂದ ಹೊರಡುವುದಿಲ್ಲ. ಆದರೆ ಹೊತ್ತಿಗೆ ಸರಿಯಾಗಿ ರಕ್ತ ಮರಳಿದರೆ ಮತ್ತೆ ಹೊರಡಬಹುದು. ಸೂರ್ಯಗ್ರಹಣದಲ್ಲಿ ಗಾಢ ನೆರಳಿನ ಸುತ್ತ ಅರೆನೆರಳೊಂದು ಇರುತ್ತದಲ್ಲ, ನರವಿಜ್ಞಾನಿಗಳು ಆ ಹೆಸರನ್ನೇ ಎರವಲು ತಂದು ಈ ಪ್ರದೇಶಕ್ಕಿಟ್ಟಿದ್ದಾರೆ. ನಡುವಿನ ಗಾಢ ನೆರಳು ನಿಮಿಷಗಳಲ್ಲಿ ಸತ್ತುಹೋದ ಭಾಗ. ಸುತ್ತಲಿನ ಅರೆನೆರಳು ಗಂಟೆಗಟ್ಟಲೆ ಉಸಿರು ಬಿಗಿಹಿಡಿದು ಕಾಯುವ ಭಾಗ. ತುರ್ತು ಚಿಕಿತ್ಸೆಯೆಲ್ಲ ಈ ಅರೆನೆರಳನ್ನು ಉಳಿಸಿಕೊಳ್ಳುವ ಹೋರಾಟ.

ಅಲ್ಲಿ ಕಾಯುತ್ತಿರುವ ಒಂದೇ ಒಂದು ಕೋಶವನ್ನು ಹತ್ತಿರದಿಂದ ನೋಡಿದರೆ ಹಾನಿಯ ಬಗೆ ಅರ್ಥವಾಗುತ್ತದೆ. ನರಕೋಶ ತನ್ನ ಶಕ್ತಿಯ ದೊಡ್ಡ ಪಾಲನ್ನು ಒಳಗೆ ನುಗ್ಗುವ ಸೋಡಿಯಂ ಅನ್ನು ಹೊರಗೆಸೆಯುವುದಕ್ಕೇ ವ್ಯಯಿಸುತ್ತದೆ. ಆಮ್ಲಜನಕ ಕಡಿಮೆಯಾದಾಗ ಈ ಪಂಪು ನಿಧಾನವಾಗುತ್ತದೆ, ಸೋಡಿಯಂ ಜೊತೆಗೆ ನೀರೂ ಒಳಬಂದು ಕೋಶ ಊದಿಕೊಳ್ಳುತ್ತದೆ. ಪಕ್ಕದಲ್ಲಿ ಸಾಯುತ್ತಿರುವ ಕೋಶಗಳು ತಮ್ಮಲ್ಲಿದ್ದ ಗ್ಲುಟಮೇಟ್ ಎಂಬ ರಾಸಾಯನಿಕವನ್ನು ಒಂದೇ ಸಲಕ್ಕೆ ಚೆಲ್ಲಿಬಿಡುತ್ತವೆ. ಮಾಮೂಲಿ ದಿನಗಳಲ್ಲಿ ಅದು ಒಂದು ಕೋಶದಿಂದ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವ ದೂತ. ಅತಿಯಾದರೆ ಅಮೃತವೂ ವಿಷ ಎಂಬ ಮಾತು ಇಲ್ಲಿ ಅಕ್ಷರಶಃ ನಿಜವಾಗುತ್ತದೆ. ಗ್ಲುಟಮೇಟ್ ಹೆಚ್ಚಾದಂತೆ ಕೋಶದ ಬಾಗಿಲುಗಳು ತೆರೆದೇ ಉಳಿದು ಕ್ಯಾಲ್ಸಿಯಂ ಒಳನುಗ್ಗುತ್ತದೆ, ಆ ಕ್ಯಾಲ್ಸಿಯಂ ಕೋಶವನ್ನು ಒಳಗಿನಿಂದಲೇ ಜೀರ್ಣಿಸುವ ಕಿಣ್ವಗಳನ್ನು ಎಬ್ಬಿಸುತ್ತದೆ. ಇದರ ಬೆನ್ನಿಗೇ ಉರಿಯೂತ. ಸಹಾಯಕ್ಕೆಂದು ಬಂದ ಬಿಳಿ ರಕ್ತಕಣಗಳು ಸಣ್ಣ ರಕ್ತನಾಳಗಳ ಗೋಡೆಗೆ ಅಂಟಿಕೊಂಡು ಇದ್ದಬದ್ದ ದಾರಿಯನ್ನೂ ಕಟ್ಟಿಹಾಕುತ್ತವೆ.

ಇಷ್ಟೊಂದು ಹಂತಗಳಿವೆ ಎಂದಮೇಲೆ ಯಾವುದಾದರೊಂದನ್ನು ತಡೆಯುವ ಔಷಧ ಸಾಧ್ಯವಿರಬೇಕಲ್ಲ? ಹಾಗೆಂದುಕೊಂಡೇ ವಿಜ್ಞಾನಿಗಳು ದಶಕಗಳ ಕಾಲ ಹುಡುಕಿದರು. ಪ್ರಯೋಗಾಲಯಗಳಲ್ಲಿ ಪರೀಕ್ಷೆಗೊಳಗಾದ ಇಂಥ ಚಿಕಿತ್ಸೆಗಳನ್ನು 2006ರಲ್ಲಿ ಪಟ್ಟಿ ಮಾಡಿದಾಗ ಸಂಖ್ಯೆ 1,026ಕ್ಕೆ ಬಂದು ನಿಂತಿತು. ಇಲಿಗಳಲ್ಲಿ ಗೆದ್ದವು ಬೇಕಾದಷ್ಟು. ಮನುಷ್ಯರ ಮೇಲಿನ ದೊಡ್ಡ ಪ್ರಯೋಗಗಳಲ್ಲಿ ಒಂದಾದಮೇಲೊಂದು ಮುಗ್ಗರಿಸಿದವು. ಸೋಲಿಗೆ ಕಾರಣಗಳು ಹಲವು. ಅವುಗಳಲ್ಲಿ ತೀರಾ ಸರಳವಾದದ್ದು ಸಮಯ. ರಕ್ತನಾಳ ಮುಚ್ಚಿಕೊಂಡು ಗಂಟೆಗಳಾದ ಮೇಲೆ, ರಕ್ತವೇ ತಲುಪದ ಜಾಗಕ್ಕೆ ರಕ್ತದ ಮೂಲಕ ಔಷಧ ಕಳುಹಿಸುವುದೆಂದರೆ ಬಾಯಾರಿದಾಗ ಬಾವಿ ತೋಡಿದಂತೆ. ವ್ಯಾಯಾಮದ ವಿಷಯ ಆಕರ್ಷಕವಾಗುವುದು ಇಲ್ಲಿಯೇ. ಅದರಿಂದ ಏನಾದರೂ ಲಾಭವಿದ್ದರೆ ಅದು ಹೆಪ್ಪು ಬಂದು ಕೂರುವ ಮೊದಲೇ ಅಲ್ಲಿರುತ್ತದೆ.

ಇದ್ದೇ ಇದೆಯೇ? ಪ್ರಾಣಿಗಳ ಮಟ್ಟಿಗೆ ಉತ್ತರ ಸಾಕಷ್ಟು ಗಟ್ಟಿಯಾಗಿದೆ. 1994ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಜರ್ಬಿಲ್ ಎಂಬ ಇಲಿಯಂಥ ಪ್ರಾಣಿಗಳ ಪಂಜರದೊಳಗೆ ಎರಡು ವಾರ ಓಡುವ ಚಕ್ರ ಇಟ್ಟು, ಆಮೇಲೆ ಮೆದುಳಿಗೆ ಹೋಗುವ ರಕ್ತವನ್ನು ಸ್ವಲ್ಪ ಹೊತ್ತು ತಡೆಹಿಡಿದು ನೋಡಿದರು. ಚಕ್ರ ಸಿಕ್ಕಿದ್ದ ಪ್ರಾಣಿಗಳಲ್ಲಿ ಸತ್ತವು ಕಡಿಮೆ, ಬದುಕಿದವುಗಳ ಮೆದುಳಿನಲ್ಲಿ ಹಾನಿಯೂ ಕಡಿಮೆ. ಆದರೆ ನನಗೆ ಅದಕ್ಕಿಂತ ಚೆಂದವೆನಿಸುವುದು 2003ರಲ್ಲಿ ಮಥಿಯಾಸ್ ಎಂಡ್ರೆಸ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗ. ಮೂರು ವಾರ ಓಡಿದ ಇಲಿಗಳಲ್ಲಿ ಮೆದುಳಿನ ಸತ್ತ ಭಾಗ ಚಿಕ್ಕದಾಗಿತ್ತು, ರಕ್ತದ ಹರಿವು ಹೆಚ್ಚಿತ್ತು. ಅಷ್ಟಕ್ಕೇ ಅವರು ನಿಲ್ಲಲಿಲ್ಲ. ರಕ್ತನಾಳದ ಒಳಪದರದಲ್ಲಿ ನೈಟ್ರಿಕ್ ಆಕ್ಸೈಡ್ ತಯಾರಿಸುವ ಕಿಣ್ವವೊಂದಿದೆ. ಹುಟ್ಟಿನಿಂದಲೇ ಆ ಕಿಣ್ವವಿಲ್ಲದ ಇಲಿಗಳನ್ನೂ ಓಡಿಸಿ ನೋಡಿದರು. ಅವುಗಳಿಗೆ ಓಟದಿಂದ ಮೆದುಳಿನ ರಕ್ಷಣೆ ಒಂದಿಷ್ಟೂ ದಕ್ಕಲಿಲ್ಲ.

ಇದರ ಸೊಗಸನ್ನು ಗಮನಿಸಬೇಕು. ವ್ಯಾಯಾಮ ಒಳ್ಳೆಯದು ಎಂದು ಹೇಳುವುದು ಸುಲಭ, ಯಾವ ಕೊಂಡಿಯ ಮೂಲಕ ಎಂದು ತೋರಿಸುವುದು ಕಷ್ಟ. ಸರಪಳಿಯ ಒಂದು ಕೊಂಡಿ ತೆಗೆದಾಗ ಫಲ ಮಾಯವಾದರೆ ಆ ಕೊಂಡಿ ಅಲ್ಲಿತ್ತು ಎಂಬುದಕ್ಕೆ ಅದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ.

ನೈಟ್ರಿಕ್ ಆಕ್ಸೈಡ್ ಒಂದು ಅನಿಲ. ಕೆಲವೇ ಸೆಕೆಂಡುಗಳ ಆಯುಸ್ಸು, ಆದರೂ ರಕ್ತನಾಳಗಳಿಗೆ 'ಸಡಿಲವಾಗು' ಎಂದು ಹೇಳುವ ಸಂದೇಶವಾಹಕ. ಇದನ್ನು ಕಂಡುಹಿಡಿದದ್ದಕ್ಕೆ ರಾಬರ್ಟ್ ಫರ್ಚ್‌ಗಾಟ್, ಲೂಯಿಸ್ ಇಗ್ನಾರೋ, ಫೆರಿಡ್ ಮುರಾದ್ ಅವರಿಗೆ 1998ರ ನೊಬೆಲ್ ಬಂತು. ಚುರುಕಾಗಿ ನಡೆಯುವಾಗ ಹೃದಯ ಹೆಚ್ಚು ರಕ್ತ ದೂಡುತ್ತದೆ, ಆ ರಕ್ತ ನಾಳದ ಒಳಗೋಡೆಯನ್ನು ಹೆಚ್ಚು ಬಿರುಸಾಗಿ ಸವರಿಕೊಂಡು ಹೋಗುತ್ತದೆ. ಗೋಡೆಯ ಕೋಶಗಳು ಈ ಸವರುವಿಕೆಯನ್ನು ಗುರುತಿಸಿ ಕಿಣ್ವವನ್ನು ಹೆಚ್ಚಿಸಿಕೊಳ್ಳುತ್ತವೆ. ದಿನವೂ ಹೀಗಾದರೆ ನಾಳಗಳು ಬೇಕೆಂದಾಗ ಹಿಗ್ಗುವ ಗುಣ ಉಳಿಸಿಕೊಳ್ಳುತ್ತವೆ. ಪ್ಲೇಟ್‌ಲೆಟ್‌ಗಳೂ ಬಿಳಿಕಣಗಳೂ ಅಷ್ಟು ಸುಲಭವಾಗಿ ಗೋಡೆಗೆ ಅಂಟುವುದಿಲ್ಲ. ಕಾಲು ನಡೆದದ್ದು ಮೆದುಳಿನ ನಾಳಕ್ಕೆ ಗೊತ್ತಾಗುವುದು ಹೀಗೆ. ಹರಿಯುವ ರಕ್ತವೇ ಸುದ್ದಿ ಮುಟ್ಟಿಸುತ್ತದೆ.

ಎರಡನೆಯ ವಿಷಯ ಅಡ್ಡದಾರಿಗಳದು. ಮೆದುಳಿನ ಮೇಲ್ಮೈಯಲ್ಲಿ ದೊಡ್ಡ ಧಮನಿಗಳ ಕವಲುಗಳ ತುದಿಯಿಂದ ತುದಿಗೆ ಸೇತುವೆಯಂತೆ ಸಣ್ಣ ಸಣ್ಣ ನಾಳಗಳಿರುತ್ತವೆ. ಬಹಳ ತೆಳುವಾದ ನಾಳಗಳಿವು. ಉಳಿದ ದಿನಗಳಲ್ಲಿ ಇವುಗಳಿಗೆ ಅಷ್ಟಾಗಿ ಕೆಲಸವಿಲ್ಲ; ಎರಡೂ ಕಡೆಯಿಂದ ಒತ್ತಡ ಸಮನಾಗಿರುವುದರಿಂದ ರಕ್ತ ಅತ್ತಿತ್ತ ಓಲಾಡುತ್ತಿರುತ್ತದೆ ಅಷ್ಟೆ. ಒಂದು ಕಡೆಯ ದೊಡ್ಡ ನಾಳ ಮುಚ್ಚಿತೆನ್ನಿ, ಆಗ ಇನ್ನೊಂದು ಕಡೆಯ ರಕ್ತ ಈ ಸೇತುವೆ ದಾಟಿ, ಮುಚ್ಚಿದ ನಾಳದ ಕವಲುಗಳಿಗೆ ಹಿಂದುಮುಂದಾಗಿ ಹರಿಯುತ್ತದೆ. ಅರೆನೆರಳಿನ ಕೋಶಗಳು ಗಂಟೆಗಟ್ಟಲೆ ಕಾಯಬಲ್ಲವು ಎಂದೆನಲ್ಲ, ಅವು ಕಾಯುವುದು ಈ ಅಡ್ಡದಾರಿಯಿಂದ ಜಿನುಗುವ ರಕ್ತದ ಬಲದಿಂದ. ಇದೇ ಕಾರಣಕ್ಕೆ ಇಂದು ದೊಡ್ಡ ಆಸ್ಪತ್ರೆಗಳಲ್ಲಿ ಹೆಪ್ಪನ್ನು ಎಳೆದು ತೆಗೆಯುವ ಚಿಕಿತ್ಸೆಗೆ ಮುನ್ನ ಸ್ಕ್ಯಾನ್‌ನಲ್ಲಿ ಈ ಅಡ್ಡದಾರಿಗಳ ಸ್ಥಿತಿಯನ್ನೂ ನೋಡುವುದುಂಟು. ಅವು ಚೆನ್ನಾಗಿದ್ದವರಲ್ಲಿ ತಡವಾಗಿ ಮಾಡಿದ ಚಿಕಿತ್ಸೆಯೂ ಫಲಿಸುತ್ತದೆ.

ಈ ಸೇತುವೆಗಳ ಸಂಖ್ಯೆ ಹುಟ್ಟಿನಿಂದಲೇ ಒಬ್ಬೊಬ್ಬರಲ್ಲಿ ಒಂದೊಂದು ಥರ, ಅದರಲ್ಲಿ ನಮ್ಮ ಕೈವಾಡವೇನೂ ಇಲ್ಲ. ವಯಸ್ಸಾದಂತೆ ಅವು ಸವೆದು, ಸಪೂರವಾಗಿ, ಕೆಲವು ಅಳಿದೇ ಹೋಗುತ್ತವೆ. ಅಮೆರಿಕದ ಉತ್ತರ ಕೆರೊಲಿನಾ ವಿಶ್ವವಿದ್ಯಾಲಯದ ಜೇಮ್ಸ್ ಫೇಬರ್ ಅವರ ತಂಡ 2017ರಲ್ಲಿ ವಯಸ್ಸಾದ ಇಲಿಗಳಲ್ಲಿ ಇದನ್ನೇ ಪರೀಕ್ಷಿಸಿತು. ಚಕ್ರದಲ್ಲಿ ಓಡುತ್ತಲೇ ಮುದಿಯಾದ ಇಲಿಗಳಲ್ಲಿ ಈ ಸವಕಳಿ ಕಾಣಲಿಲ್ಲ, ಪಾರ್ಶ್ವವಾಯುವಿನ ಹಾನಿಯೂ ಸುಮ್ಮನೆ ಕುಳಿತು ಮುದಿಯಾದವುಗಳಷ್ಟು ಆಗಲಿಲ್ಲ. ಓಟ ಹೊಸ ಸೇತುವೆ ಕಟ್ಟುವುದಕ್ಕಿಂತ ಇದ್ದ ಸೇತುವೆ ಕುಸಿಯದಂತೆ ನೋಡಿಕೊಂಡಿತು ಎಂದು ಇದನ್ನು ಓದಿಕೊಳ್ಳಬಹುದು.

ಮೂರನೆಯದು ಸ್ವಲ್ಪ ವಿಚಿತ್ರ. 1986ರಲ್ಲಿ ಮರ್ರಿ, ಜೆನ್ನಿಂಗ್ಸ್, ರೈಮರ್ ಎಂಬ ಮೂವರು ಸಂಶೋಧಕರು ನಾಯಿಗಳ ಹೃದಯದ ರಕ್ತನಾಳವನ್ನು ಐದೈದು ನಿಮಿಷದಂತೆ ನಾಲ್ಕು ಸಲ ಮುಚ್ಚಿ ಬಿಟ್ಟರು, ಆಮೇಲೆ ದೀರ್ಘ ಕಾಲ ಮುಚ್ಚಿದರು. ಮೊದಲೇ ಸಣ್ಣ ಪೆಟ್ಟು ತಿಂದ ಹೃದಯಗಳಲ್ಲಿ ದೊಡ್ಡ ಪೆಟ್ಟಿನ ಹಾನಿ ಬಹಳ ಕಡಿಮೆಯಾಗಿತ್ತು. ಸಣ್ಣ ಕಷ್ಟ ದೊಡ್ಡ ಕಷ್ಟಕ್ಕೆ ತಾಲೀಮು ಕೊಟ್ಟಂತಾಯಿತು. ವ್ಯಾಯಾಮವೂ ಇಂಥದೊಂದು ಹದವಾದ ತಾಲೀಮು ಎಂಬುದು ಅನೇಕರ ವಾದ. ಏದುಸಿರು ಬರುವಷ್ಟು ಓಡಿದಾಗ ದೇಹ ಅಲ್ಪಸ್ವಲ್ಪ ಒತ್ತಡಕ್ಕೆ ಸಿಲುಕುತ್ತದೆ, ಕೋಶಗಳು ತಮ್ಮ ರಕ್ಷಣೆಯ ಪ್ರೋಟೀನುಗಳನ್ನು ಹೆಚ್ಚಿಸಿಕೊಳ್ಳುತ್ತವೆ. ತರಬೇತಿ ಪಡೆದ ಇಲಿಗಳ ಮೆದುಳಿನಲ್ಲಿ ಹೆಪ್ಪಿನ ನಂತರದ ಉರಿಯೂತ ಕಡಿಮೆ, ರಕ್ತಕ್ಕೂ ಮೆದುಳಿಗೂ ನಡುವಿನ ತಡೆಗೋಡೆ ಸೋರುವುದೂ ಕಡಿಮೆ ಎಂದು ಹಲವು ಪ್ರಯೋಗಾಲಯಗಳು ವರದಿ ಮಾಡಿವೆ. ನರಕೋಶಗಳನ್ನು ಪೋಷಿಸುವ ಬಿಡಿಎನ್ಎಫ್ ಎಂಬ ಪ್ರೋಟೀನೂ ಓಟದಿಂದ ಹೆಚ್ಚುತ್ತದೆ; ಅದರ ಬಗ್ಗೆ ಈಗಾಗಲೇ ಎಲ್ಲೆಡೆ ಅಗತ್ಯಕ್ಕಿಂತ ಹೆಚ್ಚೇ ಬರೆದಿರುವುದರಿಂದ ಇಲ್ಲಿ ಬಿಡುತ್ತೇನೆ. ಅದಕ್ಕಿಂತ ಕುತೂಹಲದ್ದು ಲ್ಯಾಕ್ಟೇಟ್. ಸ್ನಾಯು ದುಡಿದಾಗ ಹುಟ್ಟುವ ಇದನ್ನು ಬಹುಕಾಲ ಬರೀ ಕಸವೆಂದು ತಿಳಿದಿದ್ದರು. ಆ ಲ್ಯಾಕ್ಟೇಟ್ ಮೆದುಳನ್ನು ತಲುಪಿ ಅಲ್ಲಿ ಹೊಸ ಲೋಮನಾಳಗಳು ಚಿಗುರಲು ಸೂಚನೆ ಕೊಡುತ್ತದೆ ಎಂದು 2017ರಲ್ಲಿ ಇಲಿಗಳಲ್ಲಿ ತೋರಿಸಲಾಯಿತು.

ಇಲ್ಲಿಯವರೆಗೆ ಹೇಳಿದ್ದರಲ್ಲಿ 'ಇಲಿ' ಎಷ್ಟು ಸಲ ಬಂತೆಂದು ಯಾರಾದರೂ ಎಣಿಸಿದ್ದರೆ ಅವರ ಸಂಶಯ ನ್ಯಾಯವಾದದ್ದೇ. ಆ ಸಾವಿರದ ಚಿಲ್ಲರೆ ಚಿಕಿತ್ಸೆಗಳ ಪೈಕಿ ಮನುಷ್ಯರಲ್ಲಿ ಸೋತವೂ ಇಲಿಗಳಲ್ಲಿ ಭರವಸೆ ಹುಟ್ಟಿಸಿದವುಗಳೇ. ಪ್ರಯೋಗಾಲಯದ ಇಲಿಗೆ ಸಾಮಾನ್ಯವಾಗಿ ಮಧುಮೇಹವಿಲ್ಲ, ಸಿಗರೇಟಿಲ್ಲ, ಹೆಚ್ಚಾಗಿ ಎಳೆಯ ವಯಸ್ಸು. ಚಕ್ರ ಕೊಟ್ಟರೆ ಯಾರೂ ಒತ್ತಾಯಿಸದೆ ರಾತ್ರಿಯಿಡೀ ಓಡುವ ಹುಮ್ಮಸ್ಸು ಬೇರೆ. ಮನುಷ್ಯರನ್ನು ಎರಡು ಗುಂಪು ಮಾಡಿ, ಒಂದನ್ನು ಓಡಿಸಿ ಇನ್ನೊಂದನ್ನು ಕೂರಿಸಿ, ಆಮೇಲೆ ಮೆದುಳಿನ ನಾಳ ಮುಚ್ಚಿ ನೋಡಲು ಬರುವುದಿಲ್ಲ. ಆದ್ದರಿಂದ ಮನುಷ್ಯರ ವಿಷಯದಲ್ಲಿ ಇರುವುದೆಲ್ಲ ಸುತ್ತುಬಳಸಿನ ಸಾಕ್ಷಿ.

ಅಂಥ ಸಾಕ್ಷಿಗಳಲ್ಲಿ ಒಂದು ಸ್ವೀಡನ್ನಿನ ಗೋಥೆನ್‌ಬರ್ಗ್‌ನಿಂದ 2018ರಲ್ಲಿ ಬಂತು. ಪಾರ್ಶ್ವವಾಯುವಿಗೆ ತುತ್ತಾದ 925 ಮಂದಿಯನ್ನು, ಸರಾಸರಿ ವಯಸ್ಸು 73, ಮೊದಲು ಎಷ್ಟು ಓಡಾಡುತ್ತಿದ್ದಿರಿ ಎಂದು ಕೇಳಿದರು. ಓಡಾಟವಿಲ್ಲದವರಲ್ಲಿ ಶೇ. 73ರಷ್ಟು ಮಂದಿಗೆ ಆದದ್ದು ಸೌಮ್ಯ ಆಘಾತ. ವಾರಕ್ಕೆ ಕನಿಷ್ಠ ನಾಲ್ಕು ಗಂಟೆ ನಡೆಯುತ್ತಿದ್ದವರಲ್ಲಿ ಅದು ಶೇ. 85. ವಾರಕ್ಕೆ ಎರಡು ಮೂರು ಗಂಟೆ ಈಜು, ಬಿರುಸಿನ ನಡಿಗೆ, ಓಟದಂಥ ಚಟುವಟಿಕೆಯಿದ್ದವರಲ್ಲಿ ಶೇ. 89. ನೋಡಿದರೆ ಖುಷಿಯಾಗುವ ಏರಿಕೆ. ಆದರೆ ಈ ಮೂರನೆಯ ಗುಂಪಿನಲ್ಲಿದ್ದವರು 60 ಜನವೂ ಅಲ್ಲ. ಪ್ರಶ್ನೆ ಕೇಳಿದ್ದು ಆಘಾತವಾದ ಮೇಲೆ. ಮೆದುಳಿಗೆ ಪೆಟ್ಟು ಬಿದ್ದವರ ನೆನಪನ್ನು ಎಷ್ಟು ನಂಬಬೇಕು? ಮೊದಲೇ ಆರೋಗ್ಯವಾಗಿದ್ದವರೇ ಹೆಚ್ಚು ನಡೆಯುತ್ತಿದ್ದಿರಬಹುದು. ಅಧ್ಯಯನ ನಡೆಸಿದವರೇ ಹೇಳಿದಂತೆ, ಚಟುವಟಿಕೆ ಮತ್ತು ಕಡಿಮೆ ವಯಸ್ಸು ಎರಡೂ ಸೇರಿ ತೀವ್ರತೆಯ ವ್ಯತ್ಯಾಸದಲ್ಲಿ ವಿವರಿಸಬಲ್ಲದ್ದು ಶೇ. 6.8ನ್ನು ಮಾತ್ರ. ಪತ್ರಿಕೆಗಳ ತಲೆಬರಹಗಳಲ್ಲಿ ಇಂಥ ಅಂಕಿಗೆ ಜಾಗ ಸಿಗುವುದಿಲ್ಲ.

ಹಾಗಾದರೆ ನಂಬಬೇಕೋ ಬೇಡವೋ? ನನ್ನ ತೂಕ ಹೀಗಿದೆ: ದಿಕ್ಕು ಸರಿಯಾಗಿದೆ, ಅಳತೆ ಖಚಿತವಿಲ್ಲ. ಪ್ರಾಣಿಗಳಲ್ಲಿ ಕಂಡ ದಾರಿಗಳು, ಅಂದರೆ ನೈಟ್ರಿಕ್ ಆಕ್ಸೈಡ್, ನಾಳಗಳ ಹಿಗ್ಗುವಿಕೆ, ಉರಿಯೂತದ ಇಳಿಕೆ, ಮನುಷ್ಯರ ದೇಹದಲ್ಲೂ ಇವೆ, ವ್ಯಾಯಾಮಕ್ಕೆ ಅದೇ ರೀತಿ ಸ್ಪಂದಿಸುತ್ತವೆ. ಅದರಿಂದ ಮೆದುಳಿನ ಎಷ್ಟು ಭಾಗ ಉಳಿಯುತ್ತದೆ ಎಂಬ ಲೆಕ್ಕ ಮಾತ್ರ ಯಾರ ಕೈಯಲ್ಲೂ ಇಲ್ಲ. ತಾಲೀಮಿನ ತತ್ವವನ್ನೇ ಚಿಕಿತ್ಸೆಯಾಗಿಸುವ ಪ್ರಯತ್ನಗಳೂ ಎರಡು ದಿಕ್ಕಿಗೆ ಎಳೆಯುತ್ತಿವೆ. ತೋಳಿಗೆ ಪಟ್ಟಿ ಬಿಗಿದು ಸಡಿಲಿಸಿ ಮೆದುಳನ್ನು ಕಾಪಾಡಬಹುದೇ ಎಂದು ನೋಡಿದ ಚೀನಾದ ದೊಡ್ಡ ಪ್ರಯೋಗ 2022ರಲ್ಲಿ ಲಾಭವಿದೆ ಎಂದಿತು. ಮರುವರ್ಷ ಡೆನ್ಮಾರ್ಕಿನಲ್ಲಿ ಆಂಬುಲೆನ್ಸಿನಲ್ಲೇ ಶುರುಮಾಡಿ ನೋಡಿದ ಪ್ರಯೋಗದಲ್ಲಿ ಲಾಭ ಕಾಣಲಿಲ್ಲ.

ಆಘಾತವನ್ನೇ ತಪ್ಪಿಸುವ ವಿಷಯಕ್ಕೆ ಬಂದರೆ ನೆಲ ಗಟ್ಟಿ. 23 ಅಧ್ಯಯನಗಳನ್ನು ಒಟ್ಟುಗೂಡಿಸಿದ 2003ರ ವಿಶ್ಲೇಷಣೆಯೊಂದರಲ್ಲಿ, ಹೆಚ್ಚು ಚಟುವಟಿಕೆಯವರಿಗೆ ಪಾರ್ಶ್ವವಾಯು ತಗಲುವ ಅಥವಾ ಅದರಿಂದ ಸಾಯುವ ಅಪಾಯ ಕಡಿಮೆ ಚಟುವಟಿಕೆಯವರಿಗಿಂತ ಶೇ. 27ರಷ್ಟು ಕಡಿಮೆಯಿತ್ತು. ಇದರ ಹಿಂದಿನ ಕಾರಣಗಳಲ್ಲಿ ದೊಡ್ಡದು ಯಾವ ಹೊಸತನವೂ ಇಲ್ಲದ ರಕ್ತದೊತ್ತಡ. ಅಧಿಕ ರಕ್ತದೊತ್ತಡ ಇರುವವರು ನಿಯಮಿತವಾಗಿ ನಡೆದರೆ, ಓಡಿದರೆ ಮೇಲಿನ ಅಂಕಿ ಸಾಮಾನ್ಯವಾಗಿ 5ರಿಂದ 8ರಷ್ಟು ಇಳಿಯುತ್ತದೆ. ರಕ್ತನಾಳ ಒಡೆದು ಆಗುವ ಪಾರ್ಶ್ವವಾಯುವಿನಲ್ಲಂತೂ ಒತ್ತಡದ್ದೇ ಮುಖ್ಯ ಪಾತ್ರ. ಅರೆನೆರಳು, ಅಡ್ಡದಾರಿಗಳ ಮೇಲಿನ ವಿವರಣೆ ಅದಕ್ಕೆ ಹೊಂದುವುದಿಲ್ಲ. ಮೇಲೆ ಹೇಳಿದ್ದೆಲ್ಲ ರಕ್ತನಾಳ ಮುಚ್ಚಿಕೊಂಡಾಗಿನ ಕಥೆ.

ಎಷ್ಟು ಮಾಡಿದರೆ ಸಾಕು ಎಂಬುದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ ಅಥವಾ 75ರಿಂದ 150 ನಿಮಿಷಗಳ ಬಿರುಸಿನ ಶ್ರಮ ಎನ್ನುತ್ತದೆ. ಮಾತನಾಡಲು ಬರಬೇಕು, ಹಾಡಲು ಉಸಿರು ಸಾಲಬಾರದು; ಮಧ್ಯಮ ಶ್ರಮ ಎಂದರೆ ಅಷ್ಟೆ. ವರ್ಷಗಟ್ಟಲೆ ಕುಳಿತೇ ಇದ್ದವರು ಅಥವಾ ಹೃದಯದ ತೊಂದರೆ ಇರುವವರು ಒಮ್ಮೆಲೇ ಓಟಕ್ಕಿಳಿಯದೆ ವೈದ್ಯರನ್ನು ಕೇಳಿ ನಡಿಗೆಯಿಂದ ಶುರುಮಾಡುವುದು ಒಳಿತು. ರಕ್ತನಾಳದ ಒಳಪದರ ಒಂದು ವಿಷಯದಲ್ಲಿ ನಿಷ್ಠುರ: ಸವರುವ ರಕ್ತದ ಬಿರುಸು ನಿಂತರೆ ಗಳಿಸಿದ್ದನ್ನು ವಾರಗಳಲ್ಲೇ ಬಿಟ್ಟುಕೊಡತೊಡಗುತ್ತದೆ. ಹತ್ತು ವರ್ಷದ ಹಿಂದೆ ಓಡಿದ್ದನ್ನು ಅದು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಆಘಾತವಾದ ಮೇಲೆ ವ್ಯಾಯಾಮ ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದಲ್ಲವೇ ಎಂದು ಯಾರಿಗಾದರೂ ಅನಿಸುತ್ತದೆ. ವೈದ್ಯರಿಗೂ ಹಾಗೆಯೇ ಅನಿಸಿತ್ತು. ಐದು ದೇಶಗಳ 56 ಆಸ್ಪತ್ರೆಗಳಲ್ಲಿ 2,104 ರೋಗಿಗಳ ಮೇಲೆ ನಡೆದ ಅವರ್ಟ್ ಪ್ರಯೋಗದ ಫಲ 2015ರಲ್ಲಿ ಬಂದಾಗ ಎಣಿಕೆ ತಲೆಕೆಳಗಾಯಿತು. ಮೊದಲ 24 ಗಂಟೆಯೊಳಗೆ ಎಬ್ಬಿಸಿ ಪದೇಪದೇ ನಿಲ್ಲಿಸಿ ನಡೆಸಿದವರಲ್ಲಿ ಮೂರು ತಿಂಗಳ ನಂತರ ಚೆನ್ನಾಗಿದ್ದವರು ಶೇ. 46, ಮಾಮೂಲಿ ಆರೈಕೆಯವರಲ್ಲಿ ಶೇ. 50. ಎದ್ದು ನಿಂತಾಗ ಮೆದುಳಿಗೆ ರಕ್ತ ಕಡಿಮೆಯಾಗಿ, ಕಾಯುತ್ತಿದ್ದ ಅರೆನೆರಳಿನ ಕೋಶಗಳಿಗೇ ತೊಂದರೆಯಾಗಿರಬಹುದು ಎಂಬುದು ಒಂದು ಊಹೆ. ಆಮೇಲಿನ ದಿನಗಳ ಪುನಶ್ಚೇತನದ ವ್ಯಾಯಾಮ ಬಹಳ ಮುಖ್ಯ, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಮೊದಲ ದಿನ ಎಷ್ಟು ಎಂಬುದನ್ನು ಮನೆಯವರ ಉತ್ಸಾಹಕ್ಕಿಂತ ಚಿಕಿತ್ಸೆ ಕೊಡುವವರ ವಿವೇಚನೆಗೆ ಬಿಡಬೇಕು.

ದಿನವೂ ನಡೆಯುವವರ ವಿಷಯದಲ್ಲಿ ಒಂದು ಅಳುಕು ನನಗಿದೆ. ಗೋಥೆನ್‌ಬರ್ಗ್‌ನ ಅಂಕಿಗಳು ನಿಜವಾದರೆ ಇವರಿಗೆ ಆಘಾತವಾದರೂ ಅದು ಸೌಮ್ಯವಾಗಿ ಕಾಣುವ ಸಂಭವವೇ ಹೆಚ್ಚು. ಸೌಮ್ಯವಾದದ್ದನ್ನು ಗಟ್ಟಿಮುಟ್ಟಾದವರು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಬೆರಳಲ್ಲಿ ಹಿಡಿದ ಲೋಟ ಜಾರಿತು, ಎರಡು ನಿಮಿಷ ಪದ ಸಿಗಲಿಲ್ಲ, ಒಂದು ಕಣ್ಣಿಗೆ ಪರದೆ ಇಳಿದಂತಾಗಿ ಸರಿಹೋಯಿತು. ನಿದ್ದೆ ಸಾಲದೆ ಹಾಗಾಗಿರಬೇಕು ಎಂದು ಸುಮ್ಮನಾಗುತ್ತಾರೆ. ಹೀಗೆ ಬಂದು ಹೋಗುವ ಕ್ಷಣಿಕ ಆಘಾತದ ಮುಂದಿನ ಮೂರು ತಿಂಗಳಲ್ಲಿ ಆಗುವ ದೊಡ್ಡ ಪಾರ್ಶ್ವವಾಯುಗಳಲ್ಲಿ ಸುಮಾರು ಅರ್ಧದಷ್ಟು ಮೊದಲ ಎರಡು ದಿನಗಳಲ್ಲೇ ಬಡಿಯುತ್ತವೆ. ಆದ್ದರಿಂದ ಕೈ ಮತ್ತೆ ನೆಟ್ಟಗಾದರೂ, ಮಾತು ಮರಳಿದರೂ, ಆ ಕೂಡಲೇ ಆಸ್ಪತ್ರೆಗೆ ಹೊರಡಬೇಕು. ಹೊರಡುವ ಮುನ್ನ ಗಡಿಯಾರ ನೋಡಿ, ಅದು ಶುರುವಾದದ್ದು ಎಷ್ಟು ಗಂಟೆಗೆ ಎಂದು ಬರೆದಿಟ್ಟುಕೊಂಡಿರಬೇಕು.